ಒಂಬತ್ತು ವೋಲ್ಟಿನ ಕಂಠ

ರಿಟೈರ್ ಆದಮೇಲೆ ಹೊತ್ತು ಹೋಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಅವರಿಗೆ ಉತ್ತರ ಕೊಡುವಷ್ಟರಲ್ಲಿ ನಮ್ಮ ಡ್ಯಾನ್‌ವಿಲ್ ಮನೆಯಲ್ಲಿ ಇನ್ನೇನೋ ಒಂದು ಆಗಿಬಿಟ್ಟಿರುತ್ತದೆ.

ಬಾವಿಯ ದನಿ

ನನ್ನ ಹತ್ತಿರ ಒಂದು ಸಿಬಿ ರೇಡಿಯೋ ಇದೆ. ಫ್ರೀವೇ ಮೇಲೆ ಟ್ರಕ್ಕಿನವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರಲ್ಲ, ಅದೇ. ಪಕ್ಕದೂರು ಸ್ಯಾನ್ ರಮೋನಿನಲ್ಲಿರುವ ಉಡುಪಿಯ ಗೆಳೆಯರೊಬ್ಬರಿಗೂ ಒಂದು ಕೊಡಿಸಿದ್ದೆ. ಮೊದಲ ದಿನವೇ ಅವರೆಂದರು, "ಎಂಥ ಮಾರಾಯ್ರೆ, ಬಾವಿಯ ಒಳಗಿಂದ ಮಾತಾಡಿದ ಹಾಗೆ ಉಂಟು!"

ನನ್ನ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು. "ಕೈಯಲ್ಲಿ ಫೋನಿದೆ, ಅಡಿಗೆಮನೆ ಟೇಬಲ್ ತುಂಬ ಈ ಡಬ್ಬ ಬೇರೆ. ಭಾನುವಾರದೊಳಗೆ ಅವರಿಗೆ ನೆಟ್ಟಗೆ ಕೇಳಿಸದಿದ್ರೆ ಹಳೇ ಸಾಮಾನಿನ ಜೊತೆ ಗರಾಜ್ ಸೇಲಿಗೆ ಇಡ್ತೀನಿ."

ಆಪರೇಷನ್ನು

ನನ್ನದು ಟೇಬಲ್ ಮೇಲೆ ಕೂರುವ ಪವರ್ ಮೈಕು. ಒಂಬತ್ತು ವೋಲ್ಟಿನ ಬ್ಯಾಟರಿ, ದನಿ ಹಿಗ್ಗಿಸುವ ಪುಟ್ಟ ಸರ್ಕ್ಯೂಟು ಅದರ ಹೊಟ್ಟೆಯಲ್ಲೇ ಇವೆ. ಎಲೆಕ್ಟ್ರಾನಿಕ್ಸ್ ಓದಿದ್ದು ಮತ್ತೆ ಯಾವಾಗ ಕೆಲಸಕ್ಕೆ ಬರಬೇಕು? ಬಿಚ್ಚಿದೆ. ಒಂದು ರೆಸಿಸ್ಟರ್ ಕಿತ್ತು ಬೇರೆಯದನ್ನು ಬೆಸುಗೆ ಹಾಕಿದೆ. ಕೈ ಒಂದು ಚೂರೂ ನಡುಗಲಿಲ್ಲ, ನೋಡಿ!

"ದನಿ ಈಗ ಎಷ್ಟು ಜೋರಾಗುತ್ತೆ ಗೊತ್ತಾ?" ಅಂತ ಹೆಂಡತಿಗೆ ಹೇಳಿದೆ.

"ನಲವತ್ತು ವರ್ಷದಿಂದ ಕೇಳ್ತಿದೀನಿ. ನಿಮಗೆ ಬೇಕಾಗಿರೋದು ದನಿ ಕಮ್ಮಿ ಮಾಡೋ ಮೈಕು."

ಟ್ರಕ್ಕಿನವನ ಒಪ್ಪಿಗೆ

ಉತ್ಸಾಹದಲ್ಲಿ ಮೈಕಿನ ವಾಲ್ಯೂಮನ್ನು ಕೊನೆತನಕ ತಿರುಗಿಸಿದೆ. "ಈಗ ಹಿಟ್ಟಿನ ಗಿರಣಿಯ ಒಳಗಿಂದ ಮಾತಾಡಿದ ಹಾಗೆ ಉಂಟು," ಅಂದರು ಗೆಳೆಯರು. ನಾನು ಇನ್ನೂ ಜೋರಾಗಿ ವಿವರಿಸತೊಡಗಿದೆ. ನಡುವೆ ಅದೇ ಚಾನೆಲ್ ಕೇಳುತ್ತಿದ್ದ ಯಾರೋ ಟ್ರಕ್ ಡ್ರೈವರ್ ಇಂಗ್ಲಿಷಿನಲ್ಲಿ ಕೈಮುಗಿದ, "ಸರ್, ಯಾವ ಭಾಷೆಯೋ ಗೊತ್ತಿಲ್ಲ. ಆದರೆ ನೀವು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಇನ್ನು ಸಾಕು ಮಾಡಿ!"

ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದೆ. ಅಲ್ಲಿ ಸಿಕ್ಕಿತು ಹದ.

ಭಾನುವಾರ

ಗಡುವಿನ ದಿನ. ಮೈಕಿನ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ದನಿ ಆ ಕಡೆ ಹೋಗುತ್ತದೆ. ಬೆಳಿಗ್ಗೆ ಅದನ್ನು ಒತ್ತಿ, ಪದೇಪದೇ ಹಿಡಿಯುವುದು ಬೇಡವೆಂದು ಲಾಕ್ ಮಾಡಿ, "ಹಲೋ, ಹಲೋ" ಅಂದೆ. ಆಂಟೆನಾ ನೆಟ್ಟಗಿದೆಯೋ ಇಲ್ಲವೋ ನೋಡೋಣ ಅಂತ ಹಿತ್ತಿಲಿಗೆ ಹೋದೆ. ಲಾಕ್ ತೆಗೆಯುವುದು ಮರೆತೆ. ಮೈಕಿನ ಪಕ್ಕದ ಸ್ಟವ್ ಮೇಲೆ ನಮ್ಮ ಕುಕ್ಕರು ಕೂತಿತ್ತು.

ವಾಪಸ್ ಬರುವಷ್ಟರಲ್ಲಿ ಫೋನು. ಗೆಳೆಯರ ಹೆಂಡತಿ!

"ಅಣ್ಣಾ, ಮೂರು ವಿಷಲ್ ಆದ್ಮೇಲೆ ಸ್ಟವ್ ಆಫ್ ಮಾಡಿ ಅಂತ ಇವರಿಗೆ ಹೇಳಿ ನಾನು ಸ್ನಾನಕ್ಕೆ ಹೋದದ್ದು. ಇವರು ರೇಡಿಯೋದಲ್ಲಿ ನಿಮ್ಮ ಕುಕ್ಕರ್ ಕೂಗಿದ್ದನ್ನು ಎಣಿಸಿ ನಮ್ಮ ಸ್ಟವ್ ಆಫ್ ಮಾಡಿದ್ದಾರೆ! ಮನೆ ತುಂಬ ನೆಂಟರು. ಅಕ್ಕಿ ಅಕ್ಕಿಯ ಹಾಗೇ ಉಂಟು!"

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. "ಅನ್ನ ಆಮೇಲಮ್ಮ. ವಿಷಲ್ ಸ್ಪಷ್ಟವಾಗಿ ಕೇಳಿಸ್ತಾ?"

ಹಿಂದಿನಿಂದ ಗೆಳೆಯರ ದನಿ ಬಂತು. "ಸ್ಪಷ್ಟವಾ? ನಮ್ಮ ಕುಕ್ಕರ್ ಸಹ ಇಷ್ಟು ಚೆಂದ ಕೂಗುದಿಲ್ಲ ಮಾರಾಯ್ರೆ!"

ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದೆ. ಅವಳು ನಮ್ಮ ಕುಕ್ಕರಿನ ಅನ್ನವನ್ನೆಲ್ಲ ದೊಡ್ಡ ಡಬ್ಬಿಗೆ ಬಗ್ಗಿಸಿ, ಅದರ ಮೇಲೆ ಕಾರಿನ ಕೀ ಇಟ್ಟಳು.

"ಸರಿ, ರೇಡಿಯೋ ಇರಲಿ. ಇದನ್ನ ನೀವೇ ತಲುಪಿಸಿ ಬನ್ನಿ. ಅನ್ನ ಆ ಮೈಕಲ್ಲಿ ಹೋಗಲ್ಲ."