ಕೇಳಿಸಿದರೆ ಬಟನ್ ಒತ್ತಿ

ಹಳ್ಳಿಗಳಿಗೆ ಹೋಗಿ ವಯಸ್ಸಾದವರ ಕಿವಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದಾಗ, ಇಷ್ಟು ಸಪ್ಪೆ ಕೆಲಸ ಇನ್ನೊಂದಿರಲಾರದು ಅಂದುಕೊಂಡಿದ್ದೆ. ಹೆಗಲಿಗೊಂದು ಬ್ಯಾಗು. ಅದರಲ್ಲಿ ಅಂಗೈಯಗಲದ ಮಿಷನ್ನು, ದಪ್ಪನೆಯ ಹೆಡ್‌ಫೋನು, ವೈರಿನ ತುದಿಗೊಂದು ಬಟನ್ನು. ಕಿವಿಯೊಳಗೆ ಕುಂಯ್ ಅಂತ ಸಣ್ಣ ಸದ್ದು ಬರುತ್ತದೆ, ಕೇಳಿಸಿದರೆ ಬಟನ್ ಒತ್ತಬೇಕು. ಇಷ್ಟರಲ್ಲಿ ನಗುವಂಥದ್ದು ಏನಿದೆ? ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕು ಸುತ್ತುತ್ತಿದ್ದೇನೆ, ಏನಾದರೊಂದು ನಡೆಯದೆ ಸಂಜೆ ಬಸ್ಸು ಹತ್ತಿದ ದಿನ ನೆನಪಿಲ್ಲ.

ಕಣ್ಣು ಮಂಜಾಯಿತು ಅಂತ ಜನ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕಿವಿಯ ವಿಷಯಕ್ಕೆ ಮಾತ್ರ ಬಾಯಿ ಬಿಡುವುದಿಲ್ಲ. ಕನ್ನಡಕ ಹಾಕಿದವನಿಗೆ ಮೇಷ್ಟ್ರ ಕಳೆ ಬರುತ್ತದೆ. ಕಿವಿಗೆ ಮಿಷನ್ನು ಹಾಕಿದವನು ಅವತ್ತಿನಿಂದ ಊರಿಗೆಲ್ಲ ಕೆಪ್ಪ. ಹಾಗಾಗಿ ನನ್ನ ಮುಂದೆ ಕೂರುವವರೆಲ್ಲ ಹೇಗಾದರೂ ಪಾಸಾಗಲೇಬೇಕೆಂದು ಹಟ ತೊಟ್ಟೇ ಕೂರುತ್ತಾರೆ.

ಸದ್ದಡಗಿಸಿದ್ದು

ಈ ಪರೀಕ್ಷೆಗೆ ಸದ್ದಿಲ್ಲದ ಜಾಗ ಬೇಕು. ಸುತ್ತಮುತ್ತ ಗದ್ದಲವಿದ್ದರೆ ಮಿಷನ್ನಿನಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಕಿರಂಗೂರಿನ ಹತ್ತಿರ ಒಂದು ಹಾಲಿನ ಡೈರಿಯ ಕೋಣೆ ಕೊಟ್ಟಿದ್ದರು. ಹಾಲು ಹಾಕುವವರೆಲ್ಲ ಹೋದ ಮೇಲೆ ಶುರು ಮಾಡಿದೆ. ಆದರೂ ದೀಪ ಕೆಂಪಗೇ ಇತ್ತು.

ಹೊರಗೆ ಹಿರಿಯರೊಬ್ಬರು ತಾವಾಗಿಯೇ ಕಾವಲಿಗೆ ನಿಂತಿದ್ದರು. "ಲೇ, ಸುಮ್ಕಿರ್ರಲಾ! ಒಳಗೆ ಟೆಸ್ಟು ನಡೀತಾ ಅದೆ! ಯಾವನ್ಲಾ ಅವ್ನು ಕೆಮ್ಮಿದ್ದು?" ಅಂತ ಕೂಗುತ್ತಿದ್ದರು. ಬೀದಿಯಲ್ಲಿ ಕೆಮ್ಮುವವರಿರಲಿ, ಒಂದು ನಾಯಿಯೂ ಇರಲಿಲ್ಲ. "ತಾತ, ನೀವೂ ಸ್ವಲ್ಪ ಸುಮ್ಮನಿರಿ" ಎಂದೆ. "ನಾನು ಸುಮ್ಕಿದ್ರೆ ಇವ್ರು ಸುಮ್ಕಿರ್ತಾರಾ?" ಎಂದು ಇನ್ನೊಂದು ಸಲ ಕೂಗಿದರು.

ಬೇರೆ ದಾರಿ ಕಾಣದೆ ಒಳಗೆ ಕರೆದು, ಹೆಡ್‌ಫೋನು ಹಾಕಿ, ಮೊದಲು ಅವರನ್ನೇ ಕೂರಿಸಿದೆ. ತಕ್ಷಣ ದೀಪ ಹಸಿರಾಯಿತು. ಪರೀಕ್ಷೆ ಮುಗಿದ ಮೇಲೆ ಅಷ್ಟು ಹೊತ್ತು ಯಾಕೆ ಕೂಗುತ್ತಿದ್ದರು ಅನ್ನುವುದೂ ಗೊತ್ತಾಯಿತು.

ಓಲೆ

ಪಾಂಡವಪುರದ ಕಡೆ ಒಬ್ಬ ಅಜ್ಜಿ. ಎರಡೂ ಕಿವಿಯಲ್ಲಿ ಹಳೆಯ ಕಾಲದ ದಪ್ಪ ಓಲೆ. ಹೆಡ್‌ಫೋನು ಕೂರುತ್ತಲೇ ಇಲ್ಲ.

"ಅಜ್ಜಿ, ಓಲೆ ಬಿಚ್ಚಿಡಿ, ಐದೇ ನಿಮಿಷ" ಎಂದುಬಿಟ್ಟೆ. ಜಗಲಿಯಲ್ಲಿದ್ದವರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ಮುತ್ತೈದೆಗೆ ಓಲೆ ಬಿಚ್ಚು ಅಂದರೆ ಏನರ್ಥ ಅಂತ ನನಗೆ ಆಮೇಲೆ ಹೊಳೆಯಿತು. ಅಜ್ಜಿ ಕಂಬಕ್ಕೊರಗಿ ಕೂತಿದ್ದ ಗಂಡನ ಕಡೆ ಕೈ ತೋರಿಸಿ, "ಅಲ್ನೋಡು, ಗುಂಡುಕಲ್ಲಂಗೆ ಕುಂತವ್ನೆ. ನಾನ್ಯಾಕವ್ವ ಓಲೆ ಬಿಚ್ಲಿ?" ಎಂದಳು.

ತಾತನಿಗೆ ಊಟದ ಹೊತ್ತು ಮೀರುತ್ತಿತ್ತು. "ಬಿಚ್ಚು ಅತ್ಲಾಗೆ. ವಸಿ ಹೊತ್ತು ನಾನು ಸತ್ತೋಗಿವ್ನಿ ಅಂತ ಅನ್ಕೊ" ಎಂದ.

"ನಿನ್ನ ಬಾಯಿಗೆ ಮಣ್ಣಾಕ!" ಎಂದು ಅಜ್ಜಿ ಬೈದಳು. ಕೊನೆಗೆ ಅಜ್ಜಿಯೇ ಉಪಾಯ ಕಂಡುಹಿಡಿದಳು. ಒಂದು ಓಲೆ ಬಿಚ್ಚಿ ಆ ಕಿವಿ ಪರೀಕ್ಷೆ ಮಾಡಿಸಿಕೊಂಡಳು. ಅದನ್ನು ಮತ್ತೆ ಹಾಕಿಕೊಂಡ ಮೇಲೆಯೇ ಇನ್ನೊಂದು ಬಿಚ್ಚಿದ್ದು. ಹೆಡ್‌ಫೋನಿನ ಒಂದೊಂದೇ ಬದಿಯನ್ನು ನಾನು ಕೈಯಲ್ಲಿ ಹಿಡಿದು ನಿಂತಿದ್ದೆ. ಎರಡೂ ಕಿವಿ ಒಟ್ಟಿಗೆ ಒಂದು ಗಳಿಗೆಯೂ ಬರಿದಾಗಲಿಲ್ಲ.

ಎಲ್ಲ ನೋಡುತ್ತಿದ್ದ ತಾತ ಕೇಳಿದ: "ಅಂದ್ರೆ ಈಗ ನಾನು ಅರ್ಧ ಸತ್ತಂಗೋ?"

ಪಾಸು ಮಾಡಿಸಿದವರು

ಶ್ರೀರಂಗಪಟ್ಟಣದಲ್ಲಿ ಒಬ್ಬ ಸಾಹೇಬರು, ಬಹಳ ವರ್ಷ ಲಾರಿ ಓಡಿಸಿದವರು. ನಾನು ಹೋದ ಕೂಡಲೇ ಕುರ್ಚಿ ಒರೆಸಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಬಟನ್ ಹಿಡಿದು ಒತ್ತತೊಡಗಿದರು. ಸದ್ದು ಬಂದರೂ ಒತ್ತಿದರು, ಬಾರದಿದ್ದರೂ ಒತ್ತಿದರು. ಮಿಷನ್ನು ಆಫ್ ಮಾಡಿದೆ, ಆಗಲೂ ಒತ್ತಿದರು. ಹೆಡ್‌ಫೋನು ತೆಗೆದು ಬ್ಯಾಗಿಗೆ ಹಾಕುತ್ತಿದ್ದೇನೆ, ಹೆಬ್ಬೆರಳು ಇನ್ನೂ ಕೆಲಸ ಮಾಡುತ್ತಲೇ ಇತ್ತು.

"ಸಾಹೇಬ್ರೇ, ನಿಜವಾಗಿ ಕೇಳಿಸ್ತಾ?" ಎಂದು ಕಿವಿಯ ಹತ್ತಿರ ಹೋಗಿ ಕೂಗಿದೆ.

"ಇಲ್ಲ ಬೇಟಿ" ಎಂದರು ಮೆತ್ತಗೆ. "ನೀವು ಪಾಪ ಬಿಸಿಲಲ್ಲಿ ಬಂದೀರಾ. ಮಾರ್ಕ್ಸ್ ಕಮ್ಮಿ ಬಂದ್ರೆ ನಿಮ್ದು ಆಫೀಸರು ನಿಮಗೆ ಬೈಯಲ್ವಾ?"

ಯಜಮಾನರು

ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆ ಹೋಗುವಾಗ ಸಿಗುವ ಒಂದು ಊರು. ಅಲ್ಲಿ ನ್ಯಾಯ ಹೇಳುವ ಯಜಮಾನರು ಒಬ್ಬರಿದ್ದಾರೆ. ಬದುವಿನ ಜಗಳ, ಪಾಲಿನ ಜಗಳ, ಏನಿದ್ದರೂ ಪೊಲೀಸ್ ಸ್ಟೇಷನ್ನಿಗೆ ಮೊದಲು ಅವರ ಅರಳಿಕಟ್ಟೆಗೇ ಬರಬೇಕು. ಅವರು ಹೇಳಿದ ಮೇಲೆ ಮುಗಿಯಿತು, ಇನ್ನೊಬ್ಬರು ಉಸಿರೆತ್ತುವುದಿಲ್ಲ.

ಪರೀಕ್ಷೆಗೆ ಅವರು ಎದುರು ಕೂತು ಪಟಪಟ ಬಟನ್ ಒತ್ತಿದರು. ಸದ್ದು ಬಂದಾಗಲೆಲ್ಲ ಸರಿಯಾಗಿ ಒತ್ತಿದರು. ಎಪ್ಪತ್ತು ದಾಟಿದವರಿಗೆ ಇಂಥ ಕಿವಿಯೇ ಎಂದು ಬೆರಗಾಗಿ ಮುಖ ನೋಡಿದೆ. ಅವರ ಕಣ್ಣು ನನ್ನ ಕೈಬೆರಳ ಮೇಲಿತ್ತು. ನಾನು ಮಿಷನ್ನು ಅದುಮಿದಾಗಲೆಲ್ಲ ಅವರು ಬಟನ್ ಅದುಮುತ್ತಿದ್ದರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಆಮೇಲೆ ಆ ಬಟನ್ನಿಗೆ ಕೆಲಸವೇ ಬೀಳಲಿಲ್ಲ.

ಯಜಮಾನರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ಊರ್ನೋರ್ಗೆ ಹೇಳ್ಬ್ಯಾಡ ಕಣವ್ವ. ನ್ಯಾಯ ಹೇಳೋನ್ಗೇ ಕಿವಿ ಇಲ್ಲ ಅಂದ್ರೆ ಕಟ್ಟೆ ಮ್ಯಾಲೆ ಕುಂಡ್ರುಸ್ತಾರಾ? ಅದೊಂದು ಹೋದ್ರೆ ನಾನು ಮನೇಲಿ ಕೋಳಿ ಕಾಯೋಕೇ ಸೈ." ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು.

"ಹಾಗಾದರೆ ಇಷ್ಟು ದಿನ ನ್ಯಾಯ ಹೇಗೆ ಹೇಳಿದಿರಿ?" ಎಂದು ಅವರ ಕಿವಿಗೆ ಬಾಯಿಟ್ಟು ಕೇಳಿದೆ.

"ಇಬ್ರೂ ದಣಿಯೋಗಂಟ ಬುಟ್ಬುಡೋದು. ಒಬ್ಬ ನೀರು ಕೇಳ್ತಾನಲ್ಲ, ಆಗ ನಂದು ಸುರು."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮುಂದೆ ನಮ್ಮ ಆಫೀಸಿನಿಂದ ಅವರಿಗೆ ಕಿವಿಯೊಳಗೇ ಅಡಗುವ ಚಿಕ್ಕ ಮಿಷನ್ನು ಸಿಕ್ಕಿತು. ಮೇಲೆ ರುಮಾಲು ಸುತ್ತಿದರೆ ಹೆಂಡತಿಗೂ ಕಾಣುತ್ತಿರಲಿಲ್ಲ.

ಹೇಗಿದ್ದಾರೆ ನೋಡೋಣ ಎಂದು ಕೆಲವು ವಾರ ಬಿಟ್ಟು ಹೋದೆ. ಬಸ್ಸು ಇಳಿಯುತ್ತಲೇ ಟೀ ಅಂಗಡಿಯವನು ಹಿಡಿದುಕೊಂಡ. "ನಮ್ ಯಜಮಾನ್ರಿಗೆ ಏನೋ ಆಗದೆ ಮೇಡಂ. ಮುಂಚೆ ಒಂದ್ ಗಳಿಗೇಲಿ ನ್ಯಾಯ ಮುಗುಸೋರು. ಈಗ ಯಾವ್ದೂ ಬಗೆಹರೀತಾನೇ ಇಲ್ಲ. ನಿಂದೂ ಸರಿ, ಅವುಂದೂ ಸರಿ, ಮುಂದುನ್ ವಾರ ಬನ್ನಿ ಅಂತಾರೆ. ಇಂಗೇ ಆದ್ರೆ ಬ್ಯಾರೇರ್ನ ಕುಂಡ್ರುಸ್ಬೇಕು ಅಂತಾವ್ರೆ ಜನ."

ಯಾವುದು ಹೋಗಬಾರದೆಂದು ಅವರು ಬಾಗಿಲು ಮುಚ್ಚಿ ಬಂದಿದ್ದರೋ, ಅದಕ್ಕೇ ನನ್ನ ಮಿಷನ್ನು ಸಂಚಕಾರ ತಂದಿತ್ತು. ಕಟ್ಟೆಯ ಹತ್ತಿರ ಹೋದೆ. ಯಜಮಾನರು ಪಕ್ಕಕ್ಕೆ ಕರೆದು, "ಈಗ ಎಲ್ರು ಮಾತೂ ಕೇಳುಸ್ತದೆ ಕಣವ್ವ. ಅದೇ ಆಗಿರೋದು ನೋಡು. ಕೇಳುದ್ರೆ ಎಲ್ರುದೂ ನಿಜಾನೇ ಅನ್ನುಸ್ತದೆ" ಎಂದರು.

ಅಷ್ಟರಲ್ಲಿ ಅಣ್ಣತಮ್ಮಂದಿರಿಬ್ಬರು ಬೈದಾಡಿಕೊಂಡು ಬಂದರು. ಹೊಸ ಜಗಳ. ಹಿಂದೆಯೇ ಊರ ಜನ. ಈ ಸಲವೂ 'ಮುಂದುನ್ ವಾರ' ಅಂದರೆ ಯಜಮಾನಿಕೆ ಮುಗಿಯಿತು ಅನ್ನುವುದು ಆ ಜನರ ಮುಖದ ಮೇಲೇ ಬರೆದಿತ್ತು. ಯಜಮಾನರು ರುಮಾಲು ಸರಿ ಮಾಡಿಕೊಳ್ಳುವ ಹಾಗೆ ಕೈಯೆತ್ತಿದರು. ಆ ಕೈ ಕೆಳಗಿಳಿದು ನನ್ನ ಅಂಗೈಗೆ ಏನನ್ನೋ ಒತ್ತಿತು. "ವಸಿ ಇಟ್ಕೊಂಡಿರವ್ವ" ಎಂದರು.

ಆಮೇಲೆ ಕಟ್ಟೆ ಹತ್ತಿ, ಗಂಭೀರವಾಗಿ ಕೂತು ತಲೆಯಾಡಿಸತೊಡಗಿದರು. ಅಣ್ಣ ಕಿರುಚಿದ, ತಮ್ಮ ಎದೆ ಬಡಿದುಕೊಂಡ. ಕೊನೆಗೆ ಅಣ್ಣ ಬಾಯೊಣಗಿ ನೀರಿನ ಚೊಂಬಿಗೆ ಕೈ ಚಾಚಿದ. ಯಜಮಾನರು ಕೈಯೆತ್ತಿದರು.

"ಸಾಕು ಬುಡ್ರಲಾ. ನೀನು ದೊಡ್ಡೋನು, ವಸಿ ತಗ್ಗು. ನೀನು ಚಿಕ್ಕೋನು, ವಸಿ ಬಗ್ಗು. ಮೊದ್ಲು ಎಂಗಿತ್ತೋ ಅಂಗೇ ಇರ್ಲಿ. ನಡೀರಿ, ಜೊತೇಲಿ ಕುಂತು ಉಣ್ಣೋಗ್ರಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಯಜಮಾನರ ಕಾಲಿಗೆ ಬಿದ್ದ, ಅಣ್ಣ ಕಣ್ಣೊರೆಸಿಕೊಂಡ. "ನಮ್ ಯಜಮಾನ್ರು ಮೊದ್ಲಿನಂಗೆ ಆಗ್ಬುಟ್ರು ಕಣ್ಲಾ!" ಎಂದು ಜನ ಸಮಾಧಾನದಿಂದ ಮನೆ ಕಡೆ ಹೊರಟರು.

ಕಟ್ಟೆ ಖಾಲಿಯಾದ ಮೇಲೆ ಯಜಮಾನರು ನನ್ನ ಮುಂದೆ ಕೈ ಚಾಚಿ ಮಿಷನ್ನು ಇಸಿದುಕೊಂಡರು. ಕಿವಿಗೆ ಸಿಕ್ಕಿಸಿಕೊಂಡು, ರುಮಾಲು ಎಳೆದು, ಅತ್ತಿತ್ತ ಯಾರಿಲ್ಲವೆಂದು ನೋಡಿ, ಹತ್ತಿರ ಬಗ್ಗಿದರು.

"ಈಗ್ ಹೇಳು ಕಣವ್ವ, ಆ ಐಕ್ಳು ಏನುಕ್ಕೆ ಕಿತ್ತಾಡ್ತಿದ್ವು?"