ಹತ್ತು ಕೈ ಬಿದ್ದ ಲಾರಿ

ಹಮ್ರಾಕುಲ್ ಬೆಳಗಿನ ಐದೂವರೆಗೆ ಚಹಾದಂಗಡಿಯ ಜಗಲಿಯಲ್ಲಿ ಕೂತು ಒಂದು ನಿಟ್ಟುಸಿರು ಬಿಟ್ಟದ್ದೇ ತಪ್ಪಾಯಿತು. ನಿಟ್ಟುಸಿರು ಬಿಡುವವನಿಗೆ ಕೋಕಂದ್ ಸುತ್ತಮುತ್ತ ಬೇಕಾದಷ್ಟು ಹತ್ತಿ ಹೊಲಗಳಿವೆ, ನೀರಿಲ್ಲದ ಕಾಲುವೆಗಳಿವೆ. ನವಬಹಾರ್ ಓಣಿಯಲ್ಲಿ ಮಾತ್ರ ಬಿಡಬಾರದು. ಅಲ್ಲಿ ಒಬ್ಬನ ಬಾಯಿಂದ ಉಸಿರು ಹೊರಬಿದ್ದರೆ ಸಾಕು, ಹದಿನೈದು ಮನೆಯವರು ಅದನ್ನು ಹಿಡಿದು, ರಿಪೇರಿ ಮಾಡಿ, ವಾಪಸು ಮೂಗಿಗೆ ತುರುಕುತ್ತಾರೆ.

"ಏನೋ ಅದು? ಟಯರ್ ಗಾಳಿ ಹೋದಂಗೆ ಸದ್ದು ಬಂತು?" ಎಂದ ಓಣಿಯ ಹಿರಿಯ ಓರಿಫ್ ಅಜ್ಜ.

"ಏನಿಲ್ಲ ಅಜ್ಜಾ. ಮಧ್ಯಾಹ್ನ ಲಾರಿ ತಪಾಸಣೆ. ಹಿಂದಿನ ಹಲಗೆ ಒಂಚೂರು ಅಲ್ಲಾಡ್ತದೆ, ಅಷ್ಟೇ."

"ಅಲ್ಲಾಡ್ತದಾ!" ಎಂದು ಅಜ್ಜ ಗಡ್ಡ ನೀವಿಕೊಂಡ. ಹಮ್ರಾಕುಲ್ ಆಗಲೇ ಅಪಾಯ ಅರಿಯಬೇಕಿತ್ತು. ಪಾಪ, ಅವನ ತಲೆ ಬೇರೆಲ್ಲೋ ಇತ್ತು.

ಇಪ್ಪತ್ತು ವರ್ಷ ಅವನು ಇದೇ ನೀಲಿ ಜಿಲ್ ಕಂಪನಿ ಲಾರಿಯಲ್ಲಿ ಅಲ್ಮಾಟಿಗೆ ಜರ್ದಾಳು ಹಣ್ಣು ಹೊತ್ತಿದ್ದ. ಯಾರೂ ಏನೂ ಕೇಳಿರಲಿಲ್ಲ. ಐದು ವರ್ಷದಿಂದೀಚೆಗೆ ರಸ್ತೆ ಇದ್ದಲ್ಲೇ ಇದೆ, ಒಂದೇ ಇದ್ದ ದೇಶ ಮಾತ್ರ ಹೋಳಾಗಿ ಮಗ್ಗುಲು ಬದಲಿಸಿದೆ, ಅಲ್ಮಾಟಿ ಪರದೇಶವಾಗಿದೆ. ಈಗ ಅದೇ ಗುಂಡಿ ಬಿದ್ದ ದಾರಿಯಲ್ಲಿ ಹೋಗಲು ನೋಂದಣಿ ಪುಸ್ತಕ ಬೇಕು, ಹೊಸ ನಂಬರು ಬೇಕು, ಮುಂದಿನ ಗಾಜಿಗೆ ಅಂಟಿಸಲು ಪರದೇಶದ ಪರವಾನಗಿ ಚೀಟಿ ಬೇಕು. ಚೀಟಿಯಿಲ್ಲದ ಲಾರಿಯನ್ನು ಗಡಿಯಲ್ಲಿ ನಿಲ್ಲಿಸುತ್ತಾರೆ. ಲಾರಿ ನಿಲ್ಲುತ್ತದೆ, ಜರ್ದಾಳು ನಿಲ್ಲುವುದಿಲ್ಲ. ಮೂರನೆಯ ದಿನಕ್ಕೆ ಪೆಟ್ಟಿಗೆಯಲ್ಲೇ ಹಲ್ವ ಆಗಿರುತ್ತದೆ.

ಈ ಸಲ ಹದಿನೈದು ಮನೆಯ ಹಣ್ಣೂ ಅವನ ಲಾರಿಗೇ ಬಂದಿತ್ತು. ಕಿತ್ತು, ಪೆಟ್ಟಿಗೆ ತುಂಬಿ, ಗೋಡೆಯ ನೆರಳಲ್ಲಿ ಪೇರಿಸಿಯಾಗಿತ್ತು. ತಪಾಸಣಾಧಿಕಾರಿ ಪೋಲಾತೋವ್‌ಗೆ ನಾಳೆಯಿಂದ ಹತ್ತು ದಿನ ರಜೆ. ಅಂದರೆ ಇವತ್ತು ಸಂಜೆ ಆರರೊಳಗೆ ಚೀಟಿ ಸಿಕ್ಕಬೇಕು. ಸಿಗದಿದ್ದರೆ ವರ್ಷದ ಫಸಲೆಲ್ಲ ಮಾಳಿಗೆಯ ಮೇಲೆ ಒಣಗಿ, ಕಾಲು ಬೆಲೆಗೆ ಯಾರದೋ ಚೀಲ ಸೇರಬೇಕು. ಹೆಂಡತಿ ಸಾನೊಬರ್ ಬುತ್ತಿಗೆ ರೊಟ್ಟಿ ಕಟ್ಟುತ್ತಾ ಒಂದೇ ಮಾತು ಹೇಳಿದ್ದಳು: "ಚೀಟಿ ಇಲ್ದೆ ಮನೆಗೆ ಬರ್ಬೇಡಿ. ನಾನು ಇದೇ ಓಣೀಲಿ ಬಾಳಬೇಕು."

ಲಾರಿಯನ್ನು ಓಣಿಯಲ್ಲೇ ಬಿಟ್ಟು, ಚಾಲಕನ ಕಣ್ಣು ಕಿವಿ ನೆಟ್ಟಗಿವೆ ಎಂಬ ಪ್ರಮಾಣಪತ್ರ ತರಲು ಹಮ್ರಾಕುಲ್ ಬಸ್ಸು ಹತ್ತಿ ಆಸ್ಪತ್ರೆಗೆ ಹೋದ. ಹನ್ನೊಂದಕ್ಕೆ ತಿರುಗಿ ಬಂದವನಿಗೆ, ನೆಟ್ಟಗಿದೆಯೆಂದು ವೈದ್ಯರು ಸಹಿ ಹಾಕಿಕೊಟ್ಟ ಕಣ್ಣಿನ ಮೇಲೇ ನಂಬಿಕೆ ಹೋಯಿತು.

ಓಣಿಯಲ್ಲಿ ಹಶರ್ ನಡೆದಿತ್ತು. ಹಶರ್ ಎಂದರೆ ಒಬ್ಬನ ಕೆಲಸಕ್ಕೆ ಊರೆಲ್ಲ ಕೂಲಿಯಿಲ್ಲದೆ ಕೈಹಾಕುವುದು. ಹಶರ್ ಇದ್ದಲ್ಲಿ ಹುಷಾರು ಅನ್ನುವುದು ಅನುಭವಸ್ಥರ ಮಾತು. ಒಂದು ಕಡೆ ಕಡಾಯಿಯಲ್ಲಿ ಪಲಾವಿನ ಕ್ಯಾರೆಟ್ ಬೇಯುತ್ತಿತ್ತು, ಇನ್ನೊಂದು ಕಡೆ ಲಾರಿ. ಬೆಸುಗೆಯ ಉಸ್ತಾದ್ ತೋಲಿಬ್ ಕಪ್ಪು ಕನ್ನಡಕ ಹಣೆಗೇರಿಸಿಕೊಂಡು, ಮದುಮಗಳನ್ನು ಸಿಂಗರಿಸಿದ ಚಿಕ್ಕಮ್ಮನ ಹಾಗೆ ಬೀಗುತ್ತಿದ್ದ. ನಿಜವಾದ ಚಿಕ್ಕಮ್ಮ ಖೋಸಿಯತ್, ಕೈಯಲ್ಲಿ ಬ್ರಶ್ಶು ಹಿಡಿದು, ಮೊಣಕೈವರೆಗೂ ಹಸಿರಾಗಿದ್ದಳು.

ಲಾರಿಯೂ ಹಸಿರಾಗಿತ್ತು. ಓಣಿಯ ಅಷ್ಟೂ ಮನೆಯ ಹೆಬ್ಬಾಗಿಲಿಗೆ ಬಳಿದಿದ್ದ ಅದೇ ಹಸಿರು. ಚಕ್ರ ಇಲ್ಲದಿದ್ದರೆ ಯಾರಾದರೂ ಬಂದು ತಟ್ಟಿ, "ಮನೇಲಿದೀರಾ?" ಅನ್ನುವಂತಿತ್ತು.

"ಅ... ಅಲ್ಲಾಡೋ ಹಲಗೆ..." ಎಂದು ತೊದಲಿದ ಹಮ್ರಾಕುಲ್.

"ಹಲಗೆ ಯಾವ ಲೆಕ್ಕ ಬಿಡೋ!" ಎಂದ ತೋಲಿಬ್. "ಹಿಂದ್ಗಡೆ ನಲವತ್ತೈದು ಸೆಂಟಿಮೀಟರ್ ಉದ್ದ ಮಾಡ್ಬಿಟ್ಟಿದೀನಿ. ಇನ್ನೂ ಮೂವತ್ತು ಪೆಟ್ಟಿಗೆ ಹಿಡೀತದೆ!"

"ಆ ಮಾಸಲು ನೀಲಿ ಹಾಕ್ಕೊಂಡು ಪರದೇಶಕ್ಕೆ ಹೋಗೋದಾ?" ಎಂದಳು ಖೋಸಿಯತ್ ಚಿಕ್ಕಮ್ಮ. "ಅಲ್ಮಾಟಿಯೋರು ಏನಂದಾರು? ನವಬಹಾರ್‌ನೋರಿಗೆ ದಿಕ್ಕಿಲ್ಲ ಅನ್ನಲ್ವಾ?"

ಹಮ್ರಾಕುಲ್‌ಗೆ ಅಳು ಬಂತು. ಬಂದ ಅಳುವನ್ನು ಓಣಿಯವರು ಆನಂದಬಾಷ್ಪವೆಂದೇ ತಿಳಿದು ಬೆನ್ನು ತಟ್ಟಿದರು. ಅಂಗಿಯ ಮೇಲೆ ಐದು ಹಸಿರು ಬೆರಳು ಮೂಡಿದವು.

ತಪಾಸಣೆಯ ಅಂಗಳಕ್ಕೆ ಓರಿಫ್ ಅಜ್ಜ ತಾನೂ ಬರುತ್ತೇನೆಂದು ಹಟ ಹಿಡಿದು ಕ್ಯಾಬಿನ್ ಹತ್ತಿದ. "ಆಫೀಸರ್‌ಗಳ ಹತ್ರ ಮಾತಾಡಕ್ಕೆ ನಿಂಗೆ ಬರಲ್ಲ. ನಾನು ಸೈನ್ಯದಲ್ಲಿ ಟ್ಯಾಂಕ್ ಓಡ್ಸಿದೋನು." ದೃಷ್ಟಿ ತಾಗದಿರಲೆಂದು ಚಿಕ್ಕಮ್ಮ ಇಸಿರಿಕ್ ಸೊಪ್ಪು ಹೊಗೆಯಾಡುವ ತಟ್ಟೆಯೊಂದನ್ನು ಸೀಟಿನ ಕೆಳಗೆ ತಳ್ಳಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ತಪಾಸಣಾಧಿಕಾರಿ ಪೋಲಾತೋವ್ ಪ್ರಶ್ನೆಯಲ್ಲದೆ ಬೇರೆ ವಾಕ್ಯ ಅರಿಯದವನು. ಸಂಜೆ ಮನೆಗೆ ಹೋದಾಗಲೂ ಹೆಂಡತಿಗೆ "ನಾನು ಬಂದೆನಾ?" ಎನ್ನುತ್ತಾನೆಂದು ಪ್ರತೀತಿ. ಹೊಗೆಯುಗುಳುತ್ತಾ ಅಂಗಳಕ್ಕೆ ಬಂದ ಲಾರಿಯನ್ನು ನೋಡಿ ಅವನೆಂದ: "ಇದು ಲಾರಿಯೋ, ಕಬಾಬ್ ಅಂಗಡಿಯೋ?"

ಹಮ್ರಾಕುಲ್ ಸೀಟಿನಡಿ ಕೈಹಾಕಿ, ಬೆರಳು ಸುಟ್ಟುಕೊಂಡು, ತಟ್ಟೆ ಹೊರಗೆಸೆದ. ಪೋಲಾತೋವ್ ನಕ್ಕ. ಸುದೈವಕ್ಕೆ ಒಳ್ಳೆಯ ಮನಸ್ಥಿತಿಯಲ್ಲಿದ್ದ; ರಜೆ ಹತ್ತಿರವಿತ್ತಲ್ಲ. ಬ್ರೇಕು ಒತ್ತಿಸಿದ, ದೀಪ ಹಾಕಿಸಿದ, ಪುಸ್ತಕದ ಮೇಲೆ ಮೊಹರೊತ್ತಲು ಕೈ ಎತ್ತಿದ. ಬಣ್ಣದ ಕಡೆ ಅವನ ಕಣ್ಣೇ ಹೋಗಿರಲಿಲ್ಲ. ಮೊಹರು ಕಾಗದಕ್ಕೆ ಇನ್ನು ನಾಲ್ಕೇ ಬೆರಳು ದೂರ.

"ಆಫೀಸರ್ ಸಾಹೇಬ್ರೇ," ಎಂದ ಓರಿಫ್ ಅಜ್ಜ ಹೆಮ್ಮೆಯಿಂದ, "ಹೆಂಗಿದೆ ನಮ್ಮ ಓಣಿಯೋರ ಕೈಕೆಲ್ಸ? ಬೆಳಿಗ್ಗೆ ನೀಲಿ ಇತ್ತು! ಉದ್ದ ಬೇರೆ ನಲವತ್ತೈದು ಸೆಂಟಿಮೀಟರ್ ಜಾಸ್ತಿ ಮಾಡಿದೀವಿ!"

ಮೊಹರು ಗಾಳಿಯಲ್ಲೇ ನಿಂತಿತು.

ಪೋಲಾತೋವ್ ಪುಸ್ತಕ ಓದಿದ. ಟೇಪು ತರಿಸಿ ಅಳೆದ. ಮತ್ತೆ ಪುಸ್ತಕ ಓದಿದ. "ಬಣ್ಣ ನೀಲಿ, ಉದ್ದ ಆರು ಮೀಟರ್ ಎಪ್ಪತ್ತು ಅಂತ ಇಲ್ಲಿದೆ ಅಲ್ವಾ? ಆ ಲಾರಿ ಎಲ್ಲಪ್ಪಾ?"

"ಇದೇ ಸಾರ್ ಅದು."

"ಇದು ಹಸಿರಲ್ವಾ? ಏಳು ಮೀಟರ್ ಹದಿನೈದಲ್ವಾ? ಪುಸ್ತಕದ ಲಾರಿ ಕಳೆದುಹೋಗಿದ್ರೆ ಪೊಲೀಸ್‌ಗೆ ದೂರು ಕೊಟ್ಟಿದೀಯಾ? ಕೊಡದಿದ್ರೆ ಇದನ್ನ ಎಲ್ಲಿಂದ ಕದ್ದೆ?"

ಅಜ್ಜ ಟ್ಯಾಂಕಿನ ವಿಷಯ ತೆಗೆಯಹೊರಟ. ಹಮ್ರಾಕುಲ್ ಅವನ ಬಾಯಿಗೆ ಬುತ್ತಿಯಲ್ಲಿ ಉಳಿದ ರೊಟ್ಟಿಯನ್ನು ತುರುಕಿ, ಮುಂದಿನ ಮಾತು ಕೇಳಿಸದಂತೆ ಕ್ಯಾಬಿನ್ನಿಗೆ ಹತ್ತಿಸಿ ಬಾಗಿಲು ಹಾಕಿ, ಪೋಲಾತೋವ್‌ನ ಕಾಲಿಗೆ ಬೀಳುವುದೊಂದನ್ನು ಬಿಟ್ಟು ಬೇರೆಲ್ಲ ಮಾಡಿದ. ಹದಿನೈದು ಮನೆಯ ಹಣ್ಣಿನ ಕತೆ ಹೇಳಿದ. ಕೊನೆಗೆ ಪೋಲಾತೋವ್ ಒಂದು ತುಂಡು ಕಾಗದದಲ್ಲಿ ಹೊಸ ಅಳತೆ, ಹೊಸ ಬಣ್ಣ ಗೀಚಿ ಕೊಟ್ಟ. "ನೋಂದಣಿ ಕಚೇರಿಗೆ ಹೋಗಿ ಪುಸ್ತಕ ತಿದ್ದಿಸ್ಕೊಂಡು ಐದಕ್ಕೆ ಬರ್ತೀಯಾ? ಅಲ್ಲೀವರೆಗೂ ಈ ಲಾರೀನ ಊರೊಳಗೆ ಓಡಿಸ್ದೆ ಮನೇಲಿ ನಿಲ್ಲಿಸ್ತೀಯಾ?"

ಒಂದು ಗಂಟೆಗೆ ಹಮ್ರಾಕುಲ್ ಓಣಿಯೊಳಕ್ಕೆ ಲಾರಿ ನುಗ್ಗಿಸಿ, ಕೆಳಗೆ ಹಾರಿದ. ಪಲಾವಿನ ತಟ್ಟೆ ಹಿಡಿದು ಎದುರುಗೊಂಡ ಓಣಿಯವರ ಮುಂದೆ ಅವನ ಇಡೀ ಬೆಳಗು ಸ್ಫೋಟಿಸಿತು.

"ಆಯ್ತಾ? ಸಂತೋಷನಾ? ಚೀಟಿ ಇಲ್ಲ! ಪುಸ್ತಕದಲ್ಲಿರೋದೇ ಒಂದು, ಲಾರಿ ಇರೋದೇ ಒಂದು ಅಂತ ವಾಪಸ್ ಕಳ್ಸಿದ್ರು! ನೀಲಿ ಇರ್ಬೇಕಿತ್ತಂತೆ! ಹದಿನೈದು ಮನೆ ಹಣ್ಣು ಕೊಳೀಲಿ, ಎಲ್ಲ ಸೇರಿ ಹಸಿರು ಬಣ್ಣ ನೆಕ್ಕೋಣ!"

ಅಷ್ಟು ಹೇಳಿ ಬಸ್ಸಿಗೆ ಓಡಿದ. ಹಿಂದೆ ಓಣಿಯವರು ಪಲಾವಿನ ತಟ್ಟೆಗಳನ್ನು ಒಂದೊಂದಾಗಿ ಕೆಳಗಿಟ್ಟರು.

ನೋಂದಣಿ ಕಚೇರಿಯ ಮೂರನೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ಸೂರ್ಯಕಾಂತಿ ಬೀಜ ಕಡಿಯುತ್ತಿದ್ದಳು. ಪ್ರತಿ ಎರಡು ಸಿಪ್ಪೆಗೆ ಒಂದು ಮಾತು, ಅದೂ ಮೂಗಿನಿಂದ.

"ಅರ್ಜಿ." ಟಕ್, ಟಕ್. "ಎರಡು ಪ್ರತಿ." ಟಕ್, ಟಕ್. "ಒಂದನೇ ಕಿಟಕಿ ಮೊಹರು."

ಒಂದನೇ ಕಿಟಕಿ ಊಟಕ್ಕೆ ಹೋಗಿತ್ತು. ಊಟ ಮುಗಿಸಿ ಬಂದ ಒಂದನೇ ಕಿಟಕಿ, ನಾಲ್ಕನೆಯದನ್ನು ಕೇಳು ಎಂದಿತು. ನಾಲ್ಕನೆಯದು ಬೆಸುಗೆ ಮಾಡಿದವನ ಹೆಸರು ಕೇಳಿ, ತೋಲಿಬ್ ಎಂದೊಡನೆ, "ಅಯ್ಯೋ, ಅವ್ನೇ ನಮ್ಮ ಮನೆ ಗೇಟ್ ಮಾಡಿದ್ದು, ಇವತ್ತಿಗೂ ಮುಚ್ಚಕ್ಕಾಗಿಲ್ಲ" ಎಂದು ಇಪ್ಪತ್ತು ನಿಮಿಷ ಗೇಟಿನ ಗೋಳು ತೋಡಿಕೊಂಡು ಸಹಿ ಹಾಕಿತು. ನಾಲ್ಕೂಕಾಲಿಗೆ ಹಮ್ರಾಕುಲ್ ಮತ್ತೆ ಮೂರನೆಯದರ ಮುಂದೆ ನಿಂತಾಗ, ಅವನ ಅಂಗಿ ಹಿಂಡಿದರೆ ಒಂದು ಗದ್ದೆಗೆ ನೀರಾಗುತ್ತಿತ್ತು.

"ಕಾರಣ ಬರೆದಿಲ್ಲ," ಎಂದಳು ಹೆಂಗಸು.

"ಯಾವುದಕ್ಕೆ, ಅಕ್ಕಾ?"

"ಬಣ್ಣ ಯಾಕ್ ಬದ್ಲಾಯಿಸಿದ್ರಿ, ಉದ್ದ ಯಾಕ್ ಮಾಡಿದ್ರಿ. ಕಾರಣ."

ಹಮ್ರಾಕುಲ್ ಲೇಖನಿ ಹಿಡಿದು ಬಹಳ ಹೊತ್ತು ಯೋಚಿಸಿದ. ಸುಳ್ಳು ಹೊಳೆಯಲಿಲ್ಲ. ಕೊನೆಗೆ ಒಂದೇ ಪದ ಬರೆದ: ನೆರೆಹೊರೆ.

ಹೆಂಗಸು ಓದಿದಳು. ಬೀಜ ಕಡಿಯುವುದು ನಿಂತಿತು. ಅಂದು ಮೊದಲ ಬಾರಿಗೆ ಅವಳು ಮುಖವೆತ್ತಿ ಅವನನ್ನು ನೋಡಿದಳು, ಕಣ್ಣಲ್ಲಿ ತೇವವಿತ್ತು.

"ನಮ್ಮ ಓಣೀಲೂ ಇದಾರಪ್ಪಾ," ಎಂದು, ಮೂರು ಮೊಹರು ಒತ್ತಬೇಕಾದಲ್ಲಿ ಐದು ಒತ್ತಿ, ಅಂಗೈ ತುಂಬ ಬೀಜವನ್ನೂ ಕೊಟ್ಟು ಕಳಿಸಿದಳು.

ಪುಸ್ತಕದಲ್ಲೀಗ ಮುದ್ದಾದ ಅಕ್ಷರದಲ್ಲಿ ಬರೆದಿತ್ತು: ಬಣ್ಣ ಹಸಿರು, ಉದ್ದ ಏಳು ಮೀಟರ್ ಹದಿನೈದು. ಅದನ್ನು ಎದೆಗವಚಿಕೊಂಡು ಹಮ್ರಾಕುಲ್ ಐದಕ್ಕೆ ಐದು ನಿಮಿಷವಿರುವಾಗ ಪೋಲಾತೋವ್‌ನ ಮುಂದೆ ನಿಂತ. ಲಾರಿ ತರಲು ಹೊರಟವನನ್ನು ಪೋಲಾತೋವ್ ತಡೆದ.

"ನನ್ನ ಮನೆ ನಿಮ್ಮ ಓಣಿ ದಾಟಿಯೇ ಅಲ್ವಾ? ಮೊಹರು, ಚೀಟಿ ಎರಡೂ ಜೇಬಲ್ಲಿಟ್ಕೊಂಡ್ರೆ ಅಲ್ಲೇ ಅಂಟಿಸ್ಬಹುದಲ್ವಾ?"

ಹಮ್ರಾಕುಲ್‌ಗೆ ತನ್ನ ಕಿವಿ ನಂಬಲಾಗಲಿಲ್ಲ. ಪ್ರಮಾಣಪತ್ರ ತೆಗೆದು ನೋಡಿಕೊಂಡ, ನೆಟ್ಟಗಿದೆ ಎಂದಿತ್ತು. ಪೋಲಾತೋವ್‌ನ ಕಾರಿನಲ್ಲಿ ಕೂತು, ಓಣಿಯವರ ಮೇಲೆ ತಾನು ಕೂಗಾಡಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಬೇಡಿದ. ಒಳ್ಳೆಯ ಜನ, ಪಾಪ. ಮೂವತ್ತು ಪೆಟ್ಟಿಗೆ ಜಾಸ್ತಿ ಹಿಡಿಯುತ್ತದೆ ಬೇರೆ.

ಕಾರು ತಿರುವಿನಲ್ಲಿ ಹೊರಳಿತು.

ಓಣಿಯವರೆಲ್ಲ ಸಾಲಾಗಿ ನಿಂತಿದ್ದರು, ಬೆವರಿಳಿಯುತ್ತಾ, ನಗುತ್ತಾ. ಮಧ್ಯದಲ್ಲಿ ಲಾರಿ ನಿಂತಿತ್ತು. ನೀಲಿ. ಶಾಲೆಯ ಬೆಂಚುಗಳಿಗೆಂದು ತಂದಿಟ್ಟಿದ್ದ ಬಣ್ಣವಂತೆ, ಥಳಥಳ ಹೊಳೆಯುತ್ತಿತ್ತು.

"ನೋಡೋ ಹಮ್ರಾಕುಲ್!" ಎಂದು ಓರಿಫ್ ಅಜ್ಜ ಕೈ ಅಗಲಿಸಿ ಬಂದ. "ತಪ್ಪು ನಮ್ದೇ ಕಣಪ್ಪಾ. ನೀನು ಅಷ್ಟು ನೊಂದ್ಕೊಂಡು ಹೋದ್ಮೇಲೆ ಯಾರಿಗೂ ತುತ್ತು ಇಳೀಲಿಲ್ಲ. ನಾಲ್ಕು ಗಂಟೆ ಹೊತ್ತು ಒಬ್ರೂ ಕೂತಿಲ್ಲ!"

"ಆರು ಮೀಟರ್ ಎಪ್ಪತ್ತು!" ಎಂದ ತೋಲಿಬ್. "ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಕೊಯ್ದ ತುಂಡಲ್ಲಿ ಚಹಾದಂಗಡಿಗೆ ಒಂದು ಬೆಂಚೂ ಆಯ್ತು."

ಪೋಲಾತೋವ್ ಪುಸ್ತಕ ನೋಡಿದ, ಲಾರಿ ನೋಡಿದ. ಹಮ್ರಾಕುಲ್ ಯಾರನ್ನೂ ನೋಡಲಿಲ್ಲ.

"ಅರ್ಧ ಗಂಟೆ ಕೊಡಿ ಸಾಹೇಬ್ರೇ, ಮತ್ತೆ ಹಸಿರು ಮಾಡ್ಬಿಡ್ತೀವಿ!" ಎಂದಳು ಪುಸ್ತಕದಲ್ಲಿ ಇಣುಕಿ ವಿಷಯ ತಿಳಿದ ಖೋಸಿಯತ್ ಚಿಕ್ಕಮ್ಮ.

"ಕಣ್ಣೆದುರೇ ಊಸರವಳ್ಳಿ ಥರ ಬಣ್ಣ ಬದ್ಲಾಯಿಸೋ ಲಾರಿಗೆ ನಾನು ಸಹಿ ಹಾಕ್ಲಾ? ಒಂದ್ಸಲ ತಿದ್ದಿದ ಪುಸ್ತಕ ಆರು ತಿಂಗಳು ಮುಟ್ಟೋ ಹಾಗಿಲ್ಲ ಅಂತ ಯಾರೂ ಹೇಳ್ಲಿಲ್ವಾ?"

ಬಂದ ಅತಿಥಿಯನ್ನು ಹಾಗೇ ಕಳಿಸುವ ಪದ್ಧತಿ ಓಣಿಯಲ್ಲಿಲ್ಲ. ಪೋಲಾತೋವ್‌ನನ್ನು ಹೊಸ ಬೆಂಚಿನ ಮೇಲೆ ಕೂರಿಸಿ ಪಲಾವು ಬಡಿಸಿದರು. ಆರು ಹೊಡೆಯಿತು, ಅವನ ರಜೆ ಶುರುವಾಯಿತು. ಸಾನೊಬರ್ ಮೊದಲ ಪೆಟ್ಟಿಗೆಯ ಮುಚ್ಚಳ ಎತ್ತಿ, ಹಣ್ಣು ಸೀಳಿ ಬೀಜ ತೆಗೆಯತೊಡಗಿದಳು. ಉಳಿದ ಹೆಂಗಸರೂ ಕೂತರು. ಮಾಳಿಗೆಗಳ ಮೇಲೆ ಕಿತ್ತಳೆ ಬಣ್ಣದ ಚಾಪೆಗಳು ಬಿಚ್ಚಿಕೊಂಡವು, ಒಂದೊಂದೂ ಕಾಲು ಬೆಲೆಗೆ.

ಹಮ್ರಾಕುಲ್ ಸದ್ದಿಲ್ಲದೆ ಲಾರಿಯ ಕ್ಯಾಬಿನ್ ಹತ್ತಿ ಒಳಗಿನಿಂದ ಬಾಗಿಲೆಳೆದುಕೊಂಡ. ಯಾರ ನೆರವೂ ಇಲ್ಲದೆ ಸ್ವಲ್ಪ ಹೊತ್ತು ಅಳಬೇಕಿತ್ತು. ಅತ್ತ. ಅರ್ಧ ಗಂಟೆಯ ಮೇಲೆ ಇಳಿಯಲು ನೋಡಿದರೆ ಬಾಗಿಲು ತೆಗೆಯಲು ಬರಲಿಲ್ಲ. ಜೂನ್ ತಿಂಗಳ ಬಿಸಿಲಿಗೆ ಹಸಿ ಬಣ್ಣ ಸಂದಿಯಲ್ಲೆಲ್ಲ ಕಚ್ಚಿ ಕೂತಿತ್ತು. ಭುಜ ಕೊಟ್ಟು ನೂಕಿದ. ಆ ಕಡೆಯದೂ ಹಾಗೇ. ಕಿಟಕಿಯ ಗಾಜು ಇಳಿಸುವ ಹಿಡಿ ಕೈಗೇ ಬಂತು.

ಕೂಗಬಾರದೆಂದು ತುಟಿ ಕಚ್ಚಿಕೊಂಡ. ಆದರೆ ಗಾಜಿನಾಚೆ ಆಗಲೇ ಹದಿನೈದು ಮನೆಯ ಮುಖಗಳು ಕೂಡಿದ್ದವು.

"ಏನೂ ಹೆದರ್ಬೇಡ ಕಣೋ!" ಎಂದು ತೋಲಿಬ್ ಕಪ್ಪು ಕನ್ನಡಕ ಕಣ್ಣಿಗಿಳಿಸಿದ. "ಈ ಕಡೆಯಿಂದ ಕೊಯ್ಯಕ್ಕೆ ಹತ್ತೇ ನಿಮಿಷ. ಸ್ವಲ್ಪ ಕಾಲು ಮೇಲೆತ್ಕೋ!"