ಬಸ್ಸಿನ ದಿನದ ಮಾತ್ರೆ

ಚೆನ್ನಯ್ಯ: ತಿಂದಿದೀನಿ ಅಂದ್ರೆ ತಿಂದಿದೀನಿ ಕಣೇ!

ರಾಮಮ್ಮ: ತಿಂದಿದ್ರೆ ಶುಂಠಿ ಮಡಿ ಮೇಲೆ ಯಾಕ್ರೀ ತಲೆ ತಿರುಗಿ ಬಿದ್ರಿ? ನಾನು ನೋಡ್ದೇ ಇದ್ದಿದ್ರೆ ಅಲ್ಲೇ ಮೊಳಕೆ ಒಡೀತಿದ್ರಿ.

ಚೆನ್ನಯ್ಯ: ಬಿಪಿ ಮಾತ್ರೇನೇ ಪೊಳ್ಳು. ಅದಕ್ಕೇ ಡಾಕ್ಟ್ರು ಡಬಲ್ ಮಾಡಿದಾರೆ.

ಕುಶಾಲನಗರದ ಆಚೆ, ಹೊಲದಂಚಿನ ಮನೆಯ ಜಗಲಿಯಲ್ಲಿ ಗಂಡ ಹೆಂಡತಿಯ ಈ ಜಟಾಪಟಿ ನಡೆದಿರುವಾಗಲೇ ಹೆಗಲಿಗೆ ಚೀಲ ಹಾಕಿಕೊಂಡ ಯುವತಿಯೊಬ್ಬಳು ಬಂದು ನಮಸ್ಕರಿಸಿದಳು.

ಕಾವ್ಯಶ್ರೀ: ನನ್ನ ಹೆಸರು ಕಾವ್ಯಶ್ರೀ. ಔಷಧಿಗಳ ಫಲಿತಾಂಶದ ಬಗ್ಗೆ ಸಂಶೋಧನೆ ಮಾಡ್ತಿದೀನಿ.

ರಾಮಮ್ಮ: ಫಲಿತಾಂಶನಾ? ಇವರು ಫೇಲು. ಬರ್ಕೊಳವ್ವ.

ಕಾವ್ಯಶ್ರೀ: ಪಾಸು ಫೇಲು ಮಾತ್ರೆಗೆ, ಅವರಿಗಲ್ಲ. ಕಂಪನೀಲಿ ಪರೀಕ್ಷೆ ಮಾಡ್ದಾಗ ಮಾತ್ರೆ ಚೆನ್ನಾಗೇ ಇರುತ್ತೆ. ಮನೆಗೆ ಬಂದ್ಮೇಲೆ ಏನಾಗುತ್ತೆ ಅನ್ನೋದನ್ನ ನಾವು ಕೇಳ್ತೀವಿ.

ಚೆನ್ನಯ್ಯ: ಕಂಪನಿಯೋರಾ? ಏನೂ ಬೇಡ ಹೋಗು ತಾಯಿ. ಹೋದ್ವಾರ ನೀರಿನ ಫಿಲ್ಟರ್‌ನೋರು ಬಂದು ತಲೆ ತಿಂದು ಹೋದ್ರು.

ಕಾವ್ಯಶ್ರೀ: ನಾನು ಏನೂ ಮಾರಲ್ಲ. ಆ ಮಾತ್ರೆಯಿಂದ ನಿಮಗೇನು ತೊಂದರೆ, ಅಷ್ಟು ಹೇಳಿ ಸಾಕು.

ಇಷ್ಟು ದಿನ ಇದನ್ನು ಯಾರೂ ಕೇಳಿರಲಿಲ್ಲ. ಚೆನ್ನಯ್ಯ ದನಿ ತಗ್ಗಿಸಿದ.

ಚೆನ್ನಯ್ಯ: ಅದು ಮೈಯಿಂದ ನೀರು ಇಳಿಸೋ ಮಾತ್ರೆ ಕಣವ್ವ. ಬೆಳಿಗ್ಗೆ ತಿಂದ್ರೆ ಮಧ್ಯಾಹ್ನದವರ್ಗೂ ಬೇಲಿ ಪಕ್ಕಾನೇ ನನ್ನ ವಾಸ. ಬಸ್ಸಲ್ಲಿ ನಿಲ್ಸಪ್ಪಾ ಅಂದ್ರೆ ಕಂಡಕ್ಟರು, "ಈಗ ತಾನೇ ಇಳ್ದಿದ್ರಲ್ಲ ಯಜಮಾನ್ರೇ" ಅಂತಾನೆ. ಅದಕ್ಕೇ ಬಸ್ಸಿಗೆ ಹೋಗೋ ದಿನ ತಿನ್ನಲ್ಲ.

ಕಾವ್ಯಶ್ರೀ: ಡಾಕ್ಟ್ರಿಗೆ ಹೇಳಿದ್ರಾ?

ಚೆನ್ನಯ್ಯ: ಅವರು "ದಿನಾ ತಿಂತೀರಾ?" ಅಂದ್ರು. ಅಷ್ಟು ದೊಡ್ಡೋರ ಮುಂದೆ ಇಲ್ಲ ಅನ್ನೋಕೆ ನಾಲಿಗೆ ಹೊರಳ್ಲಿಲ್ಲ.

ಕಾವ್ಯಶ್ರೀ: ಅಯ್ಯೋ! ಮಾತ್ರೆ ಕೆಲಸ ಮಾಡ್ತಿಲ್ಲ ಅಂದ್ಕೊಂಡು ಅವರು ಜಾಸ್ತಿ ಕೊಟ್ಟಿದಾರೆ.

ಚೆನ್ನಯ್ಯ: ಅವರು ಜಾಸ್ತಿ ಕೊಟ್ರು, ಬೇಲಿ ಕಡೆ ಓಡಾಟ ಜಾಸ್ತಿ ಆಯ್ತು. ನಾನು ಬಿಡೋದೂ ಜಾಸ್ತಿ ಮಾಡ್ದೆ.

ರಾಮಮ್ಮ: ಒಂದ್ನಿಮಿಷ ತಡೀರಿ. ಸಂತೆಗೆ ಹೋಗೋ ದಿನ ಮಾತ್ರೆ ಬಿಡ್ತೀರಿ. ಅರಕಲಗೂಡಲ್ಲಿರೋ ನನ್ನ ತಮ್ಮನ ಮನೆಗೆ ಹೊರಟ ದಿನ ಮಾತ್ರ "ಮಾತ್ರೆ ತಿಂದ್ಬಿಟ್ಟೆ ಕಣೇ, ಬಸ್ ಹತ್ತಂಗಿಲ್ಲ" ಅಂತೀರಲ್ಲಾ?

ಚೆನ್ನಯ್ಯ: ನಿನ್ನ ತಮ್ಮ ಎಲೆ ಹಾಕೋಕೆ ಮುಂಚೆ ಎರಡು ಗಂಟೆ ನಂಗೆ ಶುಂಠಿ ಬೆಳೆಯೋ ಪಾಠ ಮಾಡ್ತಾನೆ. ಅದಕ್ಕೆ ಬಿಪಿ ಏರಲ್ವಾ?

ರಾಮಮ್ಮ ಬೈಯುತ್ತಾಳೆಂದು ಅವನು ಕಾದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ರಾಮಮ್ಮ: ಆವತ್ತು ಮಡಿ ಮೇಲೆ ಬಿದ್ದಾಗ ಎಷ್ಟು ಕರೆದ್ರೂ ನೀವು ಕಣ್ಣು ಬಿಡ್ಲಿಲ್ಲ. ಸಂತೆ ಹಾಳಾಗ್ಲಿ ಅಂತ ಮಾತ್ರೆ ತಿಂದು ಮನೇಲಿರ್ಬಾರ್ದಿತ್ತಾ?

ಚೆನ್ನಯ್ಯ ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ವೈದ್ಯರು ಬೈಯದೆ ಮಾತ್ರೆ ಬದಲಿಸಿದರು. ತಲೆಸುತ್ತೂ ನಿಂತಿತು, ಬೇಲಿ ಕಡೆ ಓಡಾಟವೂ ನಿಂತಿತು.

ಶುಂಠಿ ಕೀಳುವ ಕಾಲಕ್ಕೆ ಕಾವ್ಯಶ್ರೀ ಮತ್ತೆ ಬಂದಳು.

ಕಾವ್ಯಶ್ರೀ: ನಿಮ್ಮ ಹಾಗೇ ತುಂಬಾ ಜನ ಹೇಳಿದ್ರು. ಕಾಫಿ ಪಿಕ್ಕಿಂಗ್‌ಗೆ ಹೋಗೋ ಹೆಂಗಸ್ರಂತೂ ಎಸ್ಟೇಟಲ್ಲಿ ಮರೆ ಇಲ್ಲ ಅಂತ ಮಾತ್ರೇನೇ ಮುಟ್ತಿರ್ಲಿಲ್ಲ. ಸರ್ಕಾರಕ್ಕೆ ವರದಿ ಕೊಟ್ವಿ. ಈಗ ಆರೋಗ್ಯ ಕೇಂದ್ರಗಳಿಗೆ ಬೇರೆ ಮಾತ್ರೇನೂ ತರಿಸ್ತಿದಾರೆ. ಡಾಕ್ಟ್ರು "ದಿನಾ ತಿಂತೀರಾ?" ಅನ್ನಲ್ಲ, "ಯಾವ ದಿನ ಬಿಡ್ತೀರಾ?" ಅಂತಾರೆ.

ಚೆನ್ನಯ್ಯ: ನನ್ನ ಬೇಲಿ ಪುರಾಣ ಸರ್ಕಾರದವರ್ಗೂ ಹೋಯ್ತಾ!

ಅಷ್ಟರಲ್ಲಿ ರಾಮಮ್ಮ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ದೊಡ್ಡ ಬ್ಯಾಗು ಹಿಡಿದು ಹೊರಗೆ ಬಂದಳು.

ರಾಮಮ್ಮ: ಏಳ್ರೀ, ಅರಕಲಗೂಡು ಬಸ್ಸಿಗೆ ಹೊತ್ತಾಯ್ತು. ಒಂದು ವಾರ ಇರಿ ಅಂದಿದಾನೆ ನನ್ನ ತಮ್ಮ.

ಚೆನ್ನಯ್ಯ ಮೆಟ್ಟು ಮೆಟ್ಟಿಕೊಳ್ಳುತ್ತ ಅಂಗಳಕ್ಕಿಳಿದ.

ಕಾವ್ಯಶ್ರೀ: ಒಂದೇ ಪ್ರಶ್ನೆ ಉಳ್ದಿದೆ ಯಜಮಾನ್ರೇ. ಹೊಸ ಮಾತ್ರೆಯಿಂದ ಅಡ್ಡ ಪರಿಣಾಮ ಏನಾದ್ರೂ ಇದೆಯಾ?

ಚೆನ್ನಯ್ಯ: ಇದೆ ತಾಯಿ. ಭಾಮೈದ.